ಚೀನೀ ಡಾಕ್ಟರಮ್ಮನ ಕುರ್ಚಿ

ಒಂದು ಕುರ್ಚಿಯನ್ನು ಶಹಾಬಾದಿನಿಂದ ಕೋಲ್ಕತ್ತಕ್ಕೆ ಕಳಿಸಲು ಆರು ಸಾವಿರ ಬಿತ್ತು. ಲಾರಿಯವನು ಕೇಳಿದ್ದು ಒಂಬತ್ತು, ಚೌಕಾಸಿ ಮಾಡಿ ಆರಕ್ಕೆ ಇಳಿಸಿದೆ. ಖುಷಿಯಿಂದಲೇ ಕೊಟ್ಟೆ. ಚೀನಾದಿಂದ ಬಂದು ಭಾರತದಲ್ಲಿ ನೆಲೆಸಿದವರ ಬಗೆಗಿನ ಅಲ್ಲಿಯ ಮ್ಯೂಸಿಯಂ ನಮ್ಮ ಓಣಿಯ ಕುರ್ಚಿ ಕೇಳಿತ್ತು! ಅದು ನಮ್ಮ ಹಲ್ಲಿನ ವೈದ್ಯೆ, ಚೀನೀ ಮನೆತನದ ಡಾಕ್ಟರಮ್ಮನಿಗೆ ಅವರಪ್ಪನಿಂದ ಬಂದ, ರೋಗಿಗಳನ್ನು ಕೂರಿಸುವ ಮರದ ಕುರ್ಚಿ. ಅದರಲ್ಲಿ ಯಾರು ಕುಳಿತರೂ ಆಕೆ ಭುಜ ತಟ್ಟಿ, “ಅಂಜಬ್ಯಾಡ್ರಿ, ನಾ ಇದ್ದೀನಲ್ಲ” ಎನ್ನುತ್ತಿದ್ದರು.

ಕಳಿಸುವ ಮುನ್ನ, ಚೆಂದ ಕಾಣಲೆಂದು ನಾನು ಪಾಲಿಶ್‌ನವನನ್ನು ಕರೆತಂದೆ. ಅವನು ಕುರ್ಚಿಯ ಕೈ ಉಜ್ಜಲು ಹೊರಟಿದ್ದೇ ತಡ, ಡಾಕ್ಟರಮ್ಮ ಓಡಿಬಂದು ಅದರಲ್ಲೇ ಕುಳಿತುಬಿಟ್ಟರು.

“ಏ, ಕೈ ತಗೀರಿ! ಹಲ್ಲು ಕೀಳೋವಾಗ ಶಹಾಬಾದ್ ಮಂದಿ ಊರಿದ ಉಗುರಿನ ಗುರುತು ಇವು. ಅಳಿಸಿದ್ರ ಮ್ಯೂಸಿಯಂಗೆ ಬರೇ ಕಟ್ಟಿಗಿ ಹೋಗ್ತದ.”

“ಇದರಾಗ ನಂದೂ ಅದೇನ್ರಿ?” ಎಂದೆ.

“ಎಲ್ಲಾರಕಿಂತ ಆಳದ್ದು ನಿಮ್ದೇ ಅದ!”

ಮ್ಯೂಸಿಯಂಗೆ ಹಳೆಯ ಸಾಮಾನು ಕೊಡುವವರು ಒಣಬಟ್ಟೆಯಿಂದ ಧೂಳಷ್ಟೇ ಒರೆಸಿ. ಯಾವ ಗೀರು ಹೇಗಾಯಿತೆಂದು ಮನೆಯವರನ್ನು ಕೇಳಿ, ಚೀಟಿ ಬರೆದು ಜೊತೆಗೇ ಕಟ್ಟಿಬಿಡಿ.