ತಗ್ಗಿನ ಓಣಿಯವರು

ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಮಳೆಯ ಮಾತೇ ಇರುವುದಿಲ್ಲ. ತುಟಿ ಒಡೆಯುವ ಒಣ ಚಳಿ, ಎರೆಹೊಲದಲ್ಲಿ ಕಡಲೆ, ಬಿಸಿಲಿಗೆ ಮೈ ಕಾಯಿಸಲು ಮಾಳಿಗೆ ಹತ್ತುವ ಮುದುಕಿಯರು. ಹುಬ್ಬಳ್ಳಿಯ ಚಳಿಗಾಲವೆಂದರೆ ಇಷ್ಟೇ. ಆ ವರ್ಷ ಮಾತ್ರ ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತವಾಗಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಜೊತೆಗೆ ಬಾಗಿಲು ಬಡಿಯುವ ಗಾಳಿ. ತೊಳೆದ ಸೀರೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯಿತು. ಹೊರಗೆ ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಎರೆಮಣ್ಣು.

ನಮ್ಮ ಮನೆ ಬೈರಿದೇವರಕೊಪ್ಪದ ಒಂದು ತಗ್ಗಿನ ಓಣಿಯಲ್ಲಿದೆ. ನಾನು ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗಂಡನಿಗೆ ಕಲಬುರಗಿಯಲ್ಲಿ ನೌಕರಿ. ಮನೆಯಲ್ಲಿ ನಾನು ಮತ್ತು ಮೊಣಕಾಲು ನೋವಿನ ನನ್ನ ಅತ್ತೆ. ಪಕ್ಕದ ಮನೆಯಾಕೆ ಜೋಳದ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ನಮ್ಮ ಓಣಿಯಲ್ಲಿ ಗೋಡೆಗೆ ಬುದ್ಧನ ಪಟ ಹಾಕಿದ ಮನೆಗಳೇ ಹೆಚ್ಚು. ಪಕ್ಕದ ಓಣಿ ತುಸು ಎತ್ತರದ್ದು. ಅಲ್ಲಿನ ಮೊದಲ ಮನೆ ಒಬ್ಬ ನಿವೃತ್ತ ಅಧಿಕಾರಿಯದು.

ಮೇಲಿನ ರಸ್ತೆಯಿಂದ ಇಳಿಯುವ ನೀರು ಎರಡೂ ಓಣಿಗಳಿಗೆ ಹಂಚಿಹೋಗಿ, ಕೊನೆಯಲ್ಲಿದ್ದ ಹಳ್ಳಕ್ಕೆ ಸೇರುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಲೇಔಟ್ ಮಾಡಿ ನಿವೇಶನ ಮಾರುವವನೊಬ್ಬ ಆ ಹಳ್ಳಕ್ಕೆ ಗರಸು ಮಣ್ಣು ತುಂಬಿ ಅಡ್ಡಲಾಗಿ ಕಂಪೌಂಡ್ ಕಟ್ಟಿಬಿಟ್ಟ. ನಾವು ಪಾಲಿಕೆ ಕಚೇರಿಗೆ ಹೋಗಿ ಹೇಳಿದೆವು, ಮತ್ತೆ ಹೋಗಿ ಹೇಳಿದೆವು. "ನೋಡೋಣ್ರಿ" ಎಂದರು. ನೋಡಲು ಯಾರೂ ಬರಲಿಲ್ಲ.

ಮಳೆ ಶುರುವಾದ ಮೇಲೆ ಹೊಸ್ತಿಲವರೆಗೆ ನೀರು ಬರುವುದು, ಇಳಿಯುವುದು ನಡೆದೇ ಇತ್ತು. ಒಂದು ಭಾನುವಾರ ಬೆಳಿಗ್ಗೆ ಮಳೆ ಸಣ್ಣಗಾಗಿದ್ದರೂ ನೀರು ಒಳಗೇ ನುಗ್ಗಿತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಅಕ್ಕಿ ಡಬ್ಬಿಗಳನ್ನು ಕಟ್ಟೆಯ ಮೇಲೇರಿಸಿ ಹೊರಗೆ ಓಡಿದೆ. ರೊಟ್ಟಿಯಾಕೆ ಎರಡು ಚೀಲ ಹಿಟ್ಟು ನೆನೆದು ಮುದ್ದೆಯಾದದ್ದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದಳು.

ಓಣಿಯ ಬಾಯಿಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಎತ್ತರದ ಓಣಿಗೆ ಅಡ್ಡಲಾಗಿ ಉಸುಕಿನ ಚೀಲ ಒಟ್ಟಿದ್ದರು. ಅವರ ಪಾಲಿನ ನೀರೂ ನಮ್ಮ ಓಣಿಗೇ ಇಳಿಯುತ್ತಿತ್ತು.

ಅಧಿಕಾರಿಯ ಮನೆಯ ಗಂಟೆ ಒತ್ತಿದೆ. ಅವರು ಶಾಲು ಹೊದ್ದು ಬಂದು ನಕ್ಕರು.

"ಬರ್ರಿ ಅಕ್ಕೋರ, ಎಷ್ಟು ತೊಯ್ಸಿಕೊಂಡೀರಿ! ಚಹಾ ತಗೋತೀರೇನು?"

"ಚಹಾ ಬ್ಯಾಡ್ರಿ. ಆ ಚೀಲ ತಗಸ್ರಿ. ನಮ್ಮ ಮನ್ಯಾಗ ನೀರು ಹೊಕ್ಕೈತಿ."

"ಏನ್ ಮಾಡೋದ್ರಿ, ನೀರು ತಗ್ಗಿಗೇ ಹರೀತದ. ನಮ್ಮ ಓಣಿಯವ್ರಿಗೆ ಇದೆಲ್ಲಾ ಹೊಸಾದು. ನಿಮಗಾದ್ರ ರೂಢಿ ಇರ್ತದ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಡುಕೂ ಇರಲಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವಷ್ಟು ಸಮಾಧಾನದಿಂದ ಹೇಳಿದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ತಿರುಗಿ ಬಂದೆ.

ಮಂಚದ ಮೇಲಿದ್ದ ಅತ್ತೆಗೆ ನಡೆದದ್ದು ಹೇಳಿದೆ. ಆಕೆ ಕಾಲು ನೀರಿಗೆ ಇಳಿಬಿಟ್ಟಳು.

"ಊರ ಹೊರಗ ತಗ್ಗಿನ್ಯಾಗ ಹುಟ್ಟಿದ್ನಿ. ಆವಾಗೂ ಹಿಂಗ ಅಂತಿದ್ರು. ನೀ ಓದಿ ನೌಕರಿ ಹಿಡದಿ, ಸ್ವಂತ ಮನಿ ಕಟ್ಟಿಸಿದಿ, ಈಗೂ ರೂಢಿ ಅಂತಾರೇನು? ನಡಿ, ಅವರಿಗೂ ಒಂದೀಟು ರೂಢಿ ಮಾಡಸೋಣ."

"ನೀವು ಬ್ಯಾಡ್ರಿ ಅತ್ತಿ, ಜಾರತೈತಿ."

"ನನ್ನ ಕೈ ಹಿಡಕೋ."

ರೊಟ್ಟಿಯಾಕೆ ಸೀರೆ ಎತ್ತಿ ಕಟ್ಟಿ ಬಂದಳು. ಓಣಿಯ ಮತ್ತಷ್ಟು ಹೆಣ್ಣುಮಕ್ಕಳೂ ಬಂದರು. ಹಾಡಹಗಲು, ಎಲ್ಲರೂ ನೋಡುತ್ತಿರುವಾಗ, ನಾವು ಚೀಲಗಳನ್ನು ಎಳೆದು ರಸ್ತೆಯ ಬದಿಗೆ ಒಗೆದೆವು. ಅತ್ತೆ ವಿದ್ಯುತ್ ಕಂಬ ಹಿಡಿದು ನಿಂತು, ಯಾವ ಚೀಲ ಮೊದಲು ಎಳೆಯಬೇಕೆಂದು ಹೇಳುತ್ತಿದ್ದಳು. ಅಧಿಕಾರಿ ಛತ್ರಿ ಹಿಡಿದು ಗೇಟಿಗೆ ಬಂದರು.

"ಅಕ್ಕೋರ, ಕಲಿತವರು ನೀವು! ಪೊಲೀಸ್ರಿಗೆ ಫೋನ್ ಮಾಡಬೇಕಾಗ್ತದ!"

"ಮಾಡ್ರಿ. ಅವರೂ ಬಂದು ನಮ್ಮ ಮನಿ ನೋಡ್ಲಿ" ಎಂದೆ.

ಪೊಲೀಸರು ಬರಲಿಲ್ಲ. ನೀರು ಮೊದಲಿನಂತೆ ಎರಡೂ ಕಡೆ ಹಂಚಿಹೋಯಿತು. ಮಧ್ಯಾಹ್ನ ಮಳೆ ಮತ್ತೆ ಜೋರಾಗಿ, ಸಂಜೆಯ ಹೊತ್ತಿಗೆ ಅವರ ಪೋರ್ಟಿಕೋದಲ್ಲಿ ಕಾರಿನ ಗಾಲಿ ಅರ್ಧ ಮುಳುಗಿತ್ತು.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಜೆಸಿಬಿ ಬಂದು ಹಳ್ಳದ ಮೇಲಿನ ಕಂಪೌಂಡ್ ಒಡೆದು ಹಾಕಿತ್ತು. ಗರಸು ಬಗೆದು ದಾರಿ ಮಾಡಿದ್ದರು. ಅಧಿಕಾರಿ ಅಲ್ಲೇ ನಿಂತು ಕೆಲಸ ನೋಡುತ್ತಿದ್ದರು. ನನ್ನನ್ನು ಕಂಡು, ಏನೂ ಆಗಿಲ್ಲವೆಂಬಂತೆ ಕರೆದರು.

"ನೋಡ್ರಿ ಅಕ್ಕೋರ, ಒಂದು ಫೋನ್ ಹಚ್ಚಿದೆ, ಕೆಲಸ ಆತು. ಇನ್ನ ನಿಮಗೂ ತ್ರಾಸಿಲ್ಲ."

"ಆ ಫೋನ್ ಮೊದಲೇ ಯಾಕ ಹಚ್ಚಲಿಲ್ರಿ?"

ಅವರಿಗೆ ನನ್ನ ಪ್ರಶ್ನೆ ನಿಜಕ್ಕೂ ವಿಚಿತ್ರವಾಗಿ ಕಂಡಿತು.

"ಮೊದಲ ನಮ್ಮ ಮನಿಗೆ ನೀರು ಬಂದಿರ್ಲಿಲ್ಲಲ್ರಿ."

ಮನೆಗೆ ಬಂದು, ನೀರು ಇಳಿದು ಉಳಿದಿದ್ದ ರಾಡಿಯನ್ನು ಬಾಚತೊಡಗಿದೆ. ಮಳೆ ಇನ್ನೂ ಕೆಲವು ದಿನ ಹೊಯ್ದು ನಿಂತಿತು. ಅತ್ತೆಯ ಕೆಮ್ಮು ಸಂಕ್ರಾಂತಿ ದಾಟಿದರೂ ಬಿಡಲಿಲ್ಲ. ಹೊತ್ತಿಗೆ ರೊಟ್ಟಿ ಕೊಡಲಾಗದೆ ರೊಟ್ಟಿಯಾಕೆಗೆ ಒಂದು ಖಾನಾವಳಿ ಕೈತಪ್ಪಿತು. ಮುಗಿದದ್ದನ್ನು ಮರೆತುಬಿಡು ಎಂದು ಗಂಡ ಫೋನಿನಲ್ಲಿ ಹೇಳಿದರು. ಮರೆಯಲು ನನಗೆ ಮನಸ್ಸಿಲ್ಲ.