ಕುಣಿ ಇಲ್ಲದ ಮಗ್ಗ

ಮೊನ್ನೆ ಮೊಮ್ಮಗಳು ಶಾಲೆಯ ಯಾವುದೋ ಅಂಟಿಸುವ ಕೆಲಸಕ್ಕೆಂದು ಹುಣಸೆ ಬೀಜ ಕುದಿಸಿ ಗಂಜಿ ಮಾಡಿದಳು. ಮನೆಯೆಲ್ಲ ಆ ಒಗರು ವಾಸನೆ. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಒಲೆಯ ಮುಂದೆ ನಿಂತೇ ಇದ್ದೆ... ದುಂಡಸಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಸೀರೆಗೆ ಸದಾ ಇದೇ ವಾಸನೆ.

ಎಪ್ಪತ್ತರ ದಶಕದ ಕೊನೆಗೆ ಆ ಊರಿಗೆ ಸೊಸೆಯಾಗಿ ಹೋದಾಗ ನನ್ನನ್ನು ಮೊದಲು ಮಾತಾಡಿಸಿದವಳು ಅವಳು. ನಮ್ಮದೊಂದು ಮನೆ ಬಿಟ್ಟರೆ ಓಣಿಯೆಲ್ಲ ಕಂಬಳಿ ನೇಯುವವರು. ಹೆಂಗಸರು ಉಣ್ಣೆ ನೂಲಬೇಕು, ನೂಲಿಗೆ ಇದೇ ಹುಣಸೆ ಬೀಜದ ಗಂಜಿ ಹಚ್ಚಬೇಕು. ಗಂಡಸರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂಡುತ್ತಿದ್ದರು. ಹೆಂಗಸು ಮಗ್ಗದ ಕುಣಿಗೆ ಇಳಿಯಬಾರದು ಎಂಬುದು ಓಣಿಯ ಕಟ್ಟಳೆ. ಯಾಕೆ ಎಂದು ಕೇಳಿದರೆ, ಇಳಿಯಬಾರದು ಅಷ್ಟೇ!

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದಳು. ನೂಲಿದ್ದನ್ನೆಲ್ಲ ಗಂಡನ ಅಣ್ಣನಿಗೆ ಕೊಟ್ಟು, ಜೋಳಕ್ಕಾಗಿ ಅವನ ಬಾಗಿಲಲ್ಲಿ ಮೊರ ಹಿಡಿದು ನಿಲ್ಲಬೇಕು. ಆ ಭಾವ ಕೆಟ್ಟವನಲ್ಲ, ಆದರೆ ಕೊಡುವಾಗ ಮುಖ ಗಂಟು ಹಾಕುತ್ತಿದ್ದ.

“ನಂದ ಒಂದು ಮಗ್ಗ ಇದ್ರ ಸಾಕವ್ವಾ, ಯಾರ ಬಾಗಲಕ್ಕೂ ಹೋಗಂಗಿಲ್ಲ” ಎಂದು ನನ್ನ ಮುಂದೆ ಎಷ್ಟು ಸಲ ಅಂದಿದ್ದಳೋ...

ಎಂಬತ್ತರ ಸುಮಾರಿಗೆ ಸರಕಾರದವರು ಊರ ಹೊರಗೆ ಶಿಗ್ಗಾಂವಿ ರಸ್ತೆಗೆ ಸಾಲಾಗಿ ಶೆಡ್ಡು ಕಟ್ಟಿಸಿದರು. ಸುತ್ತಲಿನ ನೇಕಾರರೆಲ್ಲ ಒಂದೇ ಕಡೆ ಕೂತು ನೇಯಬೇಕು. ಮಗ್ಗ, ಉಣ್ಣೆ ಎಲ್ಲ ಸರಕಾರದ್ದೇ, ಕಂಬಳಿ ಮಾರಿಸಿಕೊಡುವವರೂ ಅವರೇ. ಓಣಿಗೆ ಹಬ್ಬ ಬಂದಂತಾಯಿತು. ಆದರೆ ನೋಡಲು ಹೋದ ಗಂಡಸರ ಮುಖ ಸಪ್ಪಗಾಯಿತು. ನೆಲಕ್ಕೆ ನುಣ್ಣಗೆ ಸಿಮೆಂಟು. ಮಗ್ಗ ಮರದ ಕಾಲುಗಳ ಮೇಲೆ ಎತ್ತರಕ್ಕೆ ನಿಂತಿದೆ.

“ಕುಣಿ ಇಲ್ಲದ್ದು ಮಗ್ಗ ಹೆಂಗ ಆಕ್ಕೇತ್ರಿ ಸಾಹೇಬ್ರ? ಕುಣಿ ತಂಪಿದ್ರನ ನೂಲು ತಾಳತೈತಿ. ಇಲ್ಲಿ ನಮಗ ಆಗಂಗಿಲ್ಲ ಬಿಡ್ರಿ” ಅಂದ ಭಾವ. ಉಳಿದವರೂ ಅವನ ಹಿಂದೆ ಸರಿದರು. ಬೇರೆ ಊರಿನ ಕೆಲವರು ಒಪ್ಪಿದರು, ನಮ್ಮ ಓಣಿಯ ಪಾಲಿನ ಶೆಡ್ಡುಗಳು ಖಾಲಿ ಉಳಿದವು.

“ನಿಮ್ಮ ಓಣಿಯವರು ಯಾರೂ ಇಲ್ಲೇನ್ರಿ?” ಎಂದು ಅಧಿಕಾರಿ ಕೇಳಿದರು.

ಹೆಂಗಸರ ಹಿಂದೆ ನಿಂತಿದ್ದ ಅಕ್ಕ ಮುಂದೆ ಬಂದಳು. “ನಾ ಕೂಡ್ರತೇನ್ರಿ.”

“ಏ, ಹುಚ್ಚು ಹಿಡದೈತೇನ ನಿನಗ?” ಭಾವ ಗದರಿದ.

“ಹೆಣ್ಮಕ್ಕಳು ಕುಣಿಗಿ ಇಳೀಬಾರದು ಅಂದೀರಿ, ಭಾವಾರ. ನಾ ಎಂದೂ ಇಳದಿಲ್ಲ. ಇಲ್ಲಿ ಕುಣಿ ಎಲ್ಲೈತಿ, ತೋರಸ್ರಿ.”

ಗಂಡಸರೆಲ್ಲ ನೆಲ ನೋಡಿದರು. ಅಬ್ಬಾ, ನಾನು ಸೆರಗು ಬಾಯಿಗಿಟ್ಟುಕೊಂಡು ನಗು ತಡೆದೆ. ಅದರಲ್ಲೊಂದು ಶೆಡ್ಡು ಅಕ್ಕನಿಗಾಯಿತು.

ಆದರೆ ನೂಲುವ ಕೈಗೆ ನೇಯುವುದು ಸುಲಭಕ್ಕೆ ಒಲಿಯಲಿಲ್ಲ. ಎಳೆ ಪಟಪಟ ಹರಿಯುತ್ತಿತ್ತು. ಮೊದಲ ಕಂಬಳಿಯ ಅಂಚು ಸೊಟ್ಟ. ಸವಣೂರಿಗೆ ಮಾರಲು ಹೋದದ್ದು ತಿರುಗಿ ಬಂತು. “ನನ್ನ ಹಾಸಿಗಿ ನಾನ ನೇದ್ಕೊಂಡೇನಿ ತಗೋ” ಎಂದು ನಕ್ಕಳು, ಕಣ್ಣು ಮಾತ್ರ ತುಂಬಿತ್ತು. ಹೀಗೇ ಆದರೆ ಶೆಡ್ಡನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಸರಕಾರದವರೂ ಹೇಳಿ ಹೋದರು. ಮತ್ತೆ ಮೊರ ಹಿಡಿಯುವ ದಿನ ಬಂತಲ್ಲ ಎಂದುಕೊಂಡೆ.

ಭಾವ ಅವಳೊಡನೆ ಮಾತು ಬಿಟ್ಟಿದ್ದ. ಒಂದು ದಿನ ನಾನು ಶೆಡ್ಡಿನಲ್ಲಿದ್ದಾಗಲೇ ಬಂದು ಬಾಗಿಲಲ್ಲಿ ನಿಂತ, ಮುಖ ರಸ್ತೆಯ ಕಡೆಗೆ.

“ಹಾಸಿನ ಎಳಿ ಸಡ್ಲ ಬಿಟ್ಟೀ, ಬಿಗಿ ಮಾಡವ್ವಾ. ನೆಲಕ್ಕ ನೀರು ಹೊಡಿ, ತಂಪ ಇರತೈತಿ.” ಅಷ್ಟು ಹೇಳಿ ಹೊರಟೇಹೋದ. ಅಕ್ಕ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟಳು.

ಆಮೇಲೆ ಅವಳ ಕಂಬಳಿ ತಿರುಗಿ ಬರಲಿಲ್ಲ. ಅವಳು ಯಾರ ಬಾಗಿಲಿಗೂ ಹೋಗಲಿಲ್ಲ.

ನಾವು ಹಾವೇರಿಗೆ ಬಂದೆವು. ಕೆಲವು ವರ್ಷಗಳಲ್ಲಿ ಸರಕಾರದ ಉಣ್ಣೆ ನಿಂತು ಒಂದೊಂದೇ ಶೆಡ್ಡಿಗೆ ಬೀಗ ಬಿತ್ತು. ಅವಳು ಮಾತ್ರ ಹಿರೇಕೆರೂರು ಕಡೆಯ ಕುರಿಗಾರರಿಂದ ಉಣ್ಣೆ ತರಿಸಿ ಅದೇ ಶೆಡ್ಡಿನಲ್ಲಿ ನೇಯುತ್ತಲೇ ಇದ್ದಳಂತೆ... ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು.

ಮನಸ್ಸು ತಡೆಯದೆ ನಿನ್ನೆ ದುಂಡಸಿಯ ಬಸ್ಸು ಹತ್ತಿದೆ. ಅವಳು ನೇಯುತ್ತಿದ್ದ ಶೆಡ್ಡಿನ ತುಂಬ ಗೋವಿನಜೋಳದ ಚೀಲ. ಚೀಲ ಹೊರುತ್ತಿದ್ದವನನ್ನು ಇದು ಯಾರದಪ್ಪಾ ಎಂದು ಕೇಳಿದೆ.

“ಅಕ್ಕನ ಶೆಡ್ಡ್ರಿ.”

“ಯಾವ ಅಕ್ಕ?”

“ಯಾರಿಗೆ ಗೊತ್ರಿ. ಮೊದಲಿಂದ ಹಂಗ ಅಂತಾರ. ಯಾರದರ ಅಕ್ಕ ಇರಬೇಕು.”

“ನನ್ನ ಅಕ್ಕ, ತಮ್ಮಾ” ಅಂದೆ.