ಆನಂದನ ವಿಮಾನಕ್ಕೆ ಹೊಲಿದ ಕೆಂಪು ಪಟ್ಟಿ

೨೦೨೩ರಲ್ಲಿ ನಾನು ಲಂಡನ್ನಿನ ಹೇಸ್‌ನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಸೀನಿಯರ್ ಮೆಷಿನಿಸ್ಟ್ ಆಗಿದ್ದೆ. ಮೆಷಿನಿಸ್ಟ್ ಎಂದರೆ ನಾನು ದೊಡ್ಡ ಯಂತ್ರ ನಡೆಸುತ್ತೇನೆಂದು ಊರಿನವರು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ. ನಾನು ಹೊಲಿಗೆಯವಳು. ವಿಮಾನದ ಸೀಟಿನ ಕವರು, ಪರದೆ, ಲೈಫ್ ಜಾಕೆಟ್ ಇಡುವ ಚೀಲ ಇವೇ ನಮ್ಮ ಕೆಲಸ. ಕುಂದಾಪುರದ ಕಡೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ್ದೇ ನನ್ನ ಓದು. ಗಂಡ ಈಸ್ಟ್ ಹ್ಯಾಮ್‌ನ ಹೋಟೆಲಿನಲ್ಲಿ ದೋಸೆ ಹುಯ್ಯಲು ಬಂದರು, ಅವರ ಹಿಂದೆ ನಾನು ಬಂದೆ. ಸೂಜಿ ಹಿಡಿಯಲು ಇಂಗ್ಲಿಷ್ ಬೇಕಿರಲಿಲ್ಲ.

ವಿಮಾನದ ಹೊಲಿಗೆ ಎಂದರೆ ರವಿಕೆ ಹೊಲಿದಂತಲ್ಲ. ಬಟ್ಟೆಯ ತುಂಡನ್ನು ನೆಟ್ಟಗೆ ತೂಗುಹಾಕಿ ಕೆಳಗಿನಿಂದ ಬೆಂಕಿ ಹಿಡಿಯುತ್ತಾರೆ. ಬೆಂಕಿ ತೆಗೆದ ಮೇಲೆ ಅದು ತಾನಾಗಿ ಆರಬೇಕು. ಇದಕ್ಕೆ ಬರ್ನ್ ಟೆಸ್ಟ್ ಎನ್ನುತ್ತಾರೆ. ಪಾಸಾದ ಬಟ್ಟೆಯ ಮೇಲೆ ಒಪ್ಪಿಗೆಯಿಲ್ಲದ ದಾರದಲ್ಲಿ ಒಂದು ಹೂವು ಹೊಲಿದರೂ ಆ ಕವರು ವಿಮಾನದೊಳಗೆ ಹೋಗುವಂತಿಲ್ಲ. ಇದನ್ನು ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಬೆಂಗಳೂರಿನ ಸುಧಾ. ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಈ ದೇಶದಲ್ಲಿ ನನ್ನನ್ನು ಮಾತ್ರ ಅವಳು ಆಂಟಿ ಎನ್ನುತ್ತಿದ್ದಳು. ತಪ್ಪು ಹಿಡಿಯುವಾಗಲೂ ಆಂಟಿಯೇ.

ನನ್ನ ಪಕ್ಕದ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು ಮಾಲಿ. ಥಾಯ್ಲೆಂಡಿನವಳು. ಮಾಲಿ ಎಂದರೆ ಅವರಲ್ಲಿ ಮಲ್ಲಿಗೆಯಂತೆ. ನನಗಿಂತ ಸ್ವಲ್ಪ ಚಿಕ್ಕವಳಾದ್ದರಿಂದ ನನ್ನನ್ನು "ಪೀ" ಎನ್ನುತ್ತಿದ್ದಳು, ಅಂದರೆ ಅಕ್ಕ. ನಮ್ಮಿಬ್ಬರ ಮಾತು ಹರಕು ಇಂಗ್ಲಿಷಿನಲ್ಲಿ, ಉಳಿದದ್ದು ಕೈಸನ್ನೆಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ವಿಮಾನದ ಹುಚ್ಚು ನನಗೆ ಹತ್ತಿಸಿದವಳು ಅವಳೇ. ಮಧ್ಯಾಹ್ನ ಬುತ್ತಿ ಹಿಡಿದು ಹಿಂದಿನ ಕಟ್ಟೆಯ ಮೇಲೆ ಕೂತರೆ ತಲೆಯ ಮೇಲೆ ಹೀಥ್ರೂವಿನ ವಿಮಾನಗಳು. ಮೊದಮೊದಲು ನನಗೆ ಅವೆಲ್ಲ ಒಂದೇ ಥರದ ಗಲಾಟೆ. ಮಾಲಿ ಬಾಲ ನೋಡಲು ಕಲಿಸಿದಳು, ಎಂಜಿನ್ ಎಣಿಸಲು ಕಲಿಸಿದಳು. ಹೊಟ್ಟೆಯ ಮೇಲೆ ಎಚ್, ಎಸ್ ಎಂಬ ಎರಡು ಅಕ್ಷರ ಮೊದಲಿಗಿದ್ದರೆ ಅದು ಥಾಯ್ ವಿಮಾನ. ಬ್ಯಾಂಕಾಕಿನಿಂದ ಬರುವ ನೇರಳೆ ಬಾಲದ ದೊಡ್ಡ ವಿಮಾನ ಕಂಡರೆ ಅವಳು ಚಮಚ ಕೆಳಗಿಡುತ್ತಿದ್ದಳು. ಕ್ರಮೇಣ ನಾನೂ ಇಟ್ಟೆ. ಅವರ ಯುದ್ಧವಿಮಾನಗಳ ಚಿತ್ರ ತೋರಿಸುತ್ತಿದ್ದಳು. ಅವುಗಳ ಮೇಲಿನ ಗುರುತು ಹೊರಗೆ ಕೆಂಪು, ನಡುವೆ ಬಿಳಿ, ಒಳಗೆ ನೀಲಿ. ಇಂಗ್ಲೆಂಡಿನದನ್ನು ಒಳಹೊರಗು ಮಾಡಿದಂತೆ. ರಜೆಯ ದಿನ ಇಬ್ಬರೂ ರನ್‌ವೇ ತುದಿಯ ಹುಲ್ಲಿನ ಮೇಲೆ ಕೂರಲು ಹೋಗುತ್ತಿದ್ದೆವು. ಗಂಡನಿಗೆ ಇದು ಹಿಡಿಸುತ್ತಿರಲಿಲ್ಲ.

"ನಿಂಗೆ ಮಂಡೆ ಸಮ ಇತ್ತಾ? ಮೊಮ್ಮಕ್ಕಳ್ ಮನೆಗ್ ಬಂದ್ ಕೂಕಂಡಿದ್ರೆ ನೀನ್ ವಿಮಾನದ್ ಬಾಲ ಕಾಂಬುಕ್ ಹೋತ್ಯಾ?"

"ಮೊಮ್ಮಕ್ಕಳ್ ಫೋನ್ ಕಾಣ್ತ್ ಇದ್ದೊ. ನಾ ಎಂತಕ್ಕೆ ಅವ್ರ್ ತಲೆ ಕಾಣ್ತ್ ಕೂಕಣ್ಕ್?" ಎಂದು ಹೇಳಿ ಹೊರಟಿದ್ದೆ.

ಮಾಲಿಯ ಅಪ್ಪ ಥಾಯ್ ವಾಯುಪಡೆಯಲ್ಲಿ ಮೆಕ್ಯಾನಿಕ್. ಒಂದು ಕಾಲಕ್ಕೆ ಆ ದೇಶ ಇಂಗ್ಲೆಂಡಿನಿಂದ ಫೈರ್‌ಫ್ಲೈ ಎಂಬ ಯುದ್ಧವಿಮಾನಗಳನ್ನು ಕೊಂಡಿತ್ತು. ಅವುಗಳನ್ನು ಮಾಡುತ್ತಿದ್ದ ಕಂಪನಿಯ ಊರು ಇದೇ ಹೇಸ್. ಅಪ್ಪ ರಿಪೇರಿ ಮಾಡಿದ ವಿಮಾನದ ಊರಿನಲ್ಲಿ ಮಗಳು ಸೀಟಿನ ಕವರು ಕತ್ತರಿಸುತ್ತಿದ್ದಾಳೆ ಎಂದು ಅವಳಿಗೊಂದು ಜಂಬ. ತಮ್ಮನ ಹೆಸರು ಆನನ್. ಬರೆಯುವಾಗ ಅದು ಆನಂದ ಎಂದೇ ಇದೆಯೆಂದು ಮಾಲಿ ಹೇಳಿದ ಮೇಲೆ ನಾನು ಆನಂದನೆಂದೇ ಕರೆದೆ. ಅವನು ಅದೇ ವಾಯುಪಡೆಯಲ್ಲಿ ನಾಲ್ಕು ಪ್ರೊಪೆಲ್ಲರಿನ ಸಾರಿಗೆ ವಿಮಾನ ಹಾರಿಸುತ್ತಿದ್ದ ಪೈಲಟ್.

ಈ ಆನಂದ ಪೆನ್ಷನ್ ಹತ್ತಿರ ಬಂದಾಗ ಕೆಲಸ ಬಿಟ್ಟ. ಸ್ನೇಹಿತರೊಡನೆ ಸೇರಿ ದ್ವೀಪಗಳಿಗೆ ಹಾರುವ ಒಂದು ಪುಟ್ಟ ವಿಮಾನ ಕಂಪನಿ ಕಟ್ಟುತ್ತೇನೆಂದ. ಮಾಲಿ ಫೋನಿನಲ್ಲೇ ಅವನ ಜನ್ಮ ಜಾಲಾಡಿದಳು. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟಿದ್ದರು. ಮೂರು ವರ್ಷ ಆಗಿತ್ತು. ತಪ್ಪು ಯಾರದು ಎಂದು ನಾನು ಕೇಳಲಿಲ್ಲ. ಸರ್ಕಾರಿ ಕೆಲಸ ಬಿಟ್ಟವನದು ಎಂದೇ ನನ್ನ ಅಭಿಪ್ರಾಯವಾಗಿತ್ತು.

ಅವನ ವಿಷಯ ಬಂದಾಗಲೆಲ್ಲ ಮಾಲಿ ಒಂದು ಮಾತು ಹೇಳುತ್ತಿದ್ದಳು: "ಸಾಂಗ್ ವಿಮಾನ್ ನೈ ಆಕಾಟ್." ಆಮೇಲೆ ತಲೆ ಆಡಿಸಿ ಕತ್ತರಿ ಹಿಡಿಯುತ್ತಿದ್ದಳು. ನನಗೆ ಅದು ತಕ್ಷಣ ಅರ್ಥವಾಯಿತು. ಬ್ಯಾಂಕಾಕಿನ ನಿಲ್ದಾಣದ ಹೆಸರು ಸುವರ್ಣಭೂಮಿ, ಅವರ ಬಾಯಲ್ಲಿ ಅದು ಸುವನ್ನಪೂಮ್. ವಾಯುಪಡೆಯ ಹೆಸರಿನಲ್ಲಿರುವ ಆಕಾಟ್ ನಮ್ಮ ಆಕಾಶ. ವಿಮಾನ್ ಅಂತೂ ವಿಮಾನವೇ. ಸಾಂಗ್ ಎಂದರೆ ಇಂಗ್ಲಿಷಿನ ಹಾಡು. ಆಕಾಶದಲ್ಲಿ ವಿಮಾನ ಎಂದು ಯಾವುದೋ ಹಾಡಿನ ಸಾಲು, ಮಾತು ಬಿಟ್ಟರೂ ತಮ್ಮನ ನೆನಪಿಗೆ ಹೇಳಿಕೊಳ್ಳುತ್ತಾಳೆ ಎಂದುಕೊಂಡೆ.

ಆ ಬೇಸಿಗೆಯಲ್ಲಿ ಒಂದು ಆರ್ಡರ್ ಬಂತು. ಎರಡು ಪ್ರೊಪೆಲ್ಲರಿನ ಹಳೆಯ ಟರ್ಬೊಪ್ರಾಪ್ ವಿಮಾನ, ಹೊಸ ಥಾಯ್ ಮಾಲೀಕರು. ಲಂಡನ್ನಿನ ದಕ್ಷಿಣ ಅಂಚಿನ ಒಂದು ಸಣ್ಣ ನಿಲ್ದಾಣದ ಹ್ಯಾಂಗರಿನಲ್ಲಿ ನಿಂತಿದೆ. ಬಣ್ಣ ಆಗಿದೆ, ಸೀಟಿನ ಕವರು ಆಗಬೇಕು. ಕಾಗದದ ಕೆಳಗೆ ಆನಂದನ ಹೆಸರು. ಲಂಡನ್ನಿನಲ್ಲಿ ಇಂಥ ವರ್ಕ್‌ಶಾಪ್ ಬೇರೆಯೂ ಇವೆ. ಅವನು ನಮ್ಮಲ್ಲಿಗೇ ಏಕೆ ಕಳಿಸಿದ ಎಂದು ಹೇಳಲು ಬುದ್ಧಿವಂತರು ಬೇಕಿಲ್ಲ.

ಮಾಲಿ ಹೆಸರು ನೋಡಿದಳು, ಕಾಗದ ತಿರುಗಿಸಿ ಇಟ್ಟಳು. ಆಮೇಲೆ ಕತ್ತರಿಸಿದ ಒಂದು ಸಾಲಿನ ಬಟ್ಟೆಯಲ್ಲಿ ನೂಲಿನ ದಿಕ್ಕು ಕೂದಲೆಳೆಯಷ್ಟು ಓರೆಯಾಗಿದೆ ಎಂದು ಅಷ್ಟನ್ನೂ ಪಕ್ಕಕ್ಕೆಸೆದು ಮತ್ತೆ ಕತ್ತರಿಸಿದಳು.

"ಆಂಟಿ, ಇದು ಪಾಸ್ ಆಗಿತ್ತಲ್ಲ! ಯಾಕೆ ವೇಸ್ಟ್ ಮಾಡಿದ್ರು?" ಎಂದು ಸುಧಾ ನನ್ನನ್ನು ಕೇಳಿದಳು.

"ಅವಳ ತಮ್ಮನ ವಿಮಾನ."

"ಅಯ್ಯೋ! ಹಾಗಾದ್ರೆ ಅವರೇ ಫೋನ್ ಮಾಡಿ ಬಟನ್ ಕಲರ್ ಕೇಳಬಹುದಲ್ವಾ? ನಾನ್ಯಾಕೆ ಇಮೇಲ್ ಮಾಡ್ತಾ ಕೂತಿದೀನಿ?"

"ಕೇಳಿ ನೋಡು. ಕತ್ತರಿ ಅವಳ ಕೈಯಲ್ಲೇ ಇದೆ."

ಸುಧಾ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕಿರಿಕಿರಿಯಾಗಿತ್ತು. ಆನಂದ ಬಂದು ವಿಮಾನ ಒಪ್ಪಿಸಿಕೊಂಡು ಅದೇ ದಿನ ಹಾರಿಸಿಕೊಂಡು ಹೋಗುತ್ತಾನೆ. ಮಾಲಿ ವಯಸ್ಸಾದವಳು, ಮಂಡಿನೋವು, ಊರಿಗೆ ಹೋಗದೆ ವರ್ಷಗಳಾಗಿವೆ. ಈ ಸಲ ಬಾಯಿ ಬಿಡದಿದ್ದರೆ ಇನ್ನು ಯಾರಾದರೂ ಸತ್ತಾಗಲೇ ಇವರು ಮಾತಾಡುವುದು. ಅದಕ್ಕೇ ಕವರು ಮುಗಿದ ಮೇಲೆ ನಾನೊಂದು ಕೆಲಸ ಮಾಡಿದೆ.

ವಿಮಾನದ ಮೂತಿಯ ಬಳಿ ಹೊರಚಾಚಿದ ಸಣ್ಣ ಕೊಳವೆ ಇರುತ್ತದೆ. ಅದು ಪಿಟೋ ಟ್ಯೂಬ್. ಅದರೊಳಗೆ ನುಗ್ಗುವ ಗಾಳಿಯಿಂದ ಪೈಲಟ್‌ಗೆ ವೇಗ ತಿಳಿಯುತ್ತದೆ. ನಿಂತ ವಿಮಾನದಲ್ಲಿ ಹುಳ ಗೂಡು ಕಟ್ಟದಿರಲೆಂದು ಅದಕ್ಕೊಂದು ಚೀಲ ತೊಡಿಸುತ್ತಾರೆ. ಮರೆತು ಹಾರಿದರೆ ಅನಾಹುತ. ಹಾಗಾಗಿ ಕಣ್ಣಿಗೆ ಹೊಡೆಯುವಂತೆ ಚೀಲಕ್ಕೆ ಉದ್ದನೆಯ ಕೆಂಪು ಪಟ್ಟಿ, ಅದರ ಮೇಲೆ ಹಾರುವ ಮೊದಲು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ. ಇದು ವಿಮಾನದ ಹೊರಗಿನ ವಸ್ತು, ಬರ್ನ್ ಟೆಸ್ಟಿನ ಗೋಳಿಲ್ಲ. ನಾನು ಅಂಥದ್ದೊಂದನ್ನು ಹೊಲಿದು, ಪಟ್ಟಿಯ ಹಿಂಬದಿಗೆ ಬಿಳಿ ದಾರದಲ್ಲಿ ಮಾಲಿಯ ಆ ಮಾತನ್ನು ಥಾಯ್ ಅಕ್ಷರದಲ್ಲಿ ಹಾಕುವುದೆಂದು ತೀರ್ಮಾನಿಸಿದೆ. ಅಕ್ಕ ಹಾರೈಸಿದ್ದಾಳೆ ಎಂದು ಅವನಿಗೆ ತಿಳಿಯಲಿ.

ಬರೆಸಿಕೊಳ್ಳಲು ಥಾಯ್ ಸಾಮಾನಿನ ಅಂಗಡಿಗೆ ಹೋದೆ. ನಾನು ಹೇಳಿದ್ದು ಕೇಳಿ ಅಂಗಡಿಯವನು ನಕ್ಕ.

"ಯಾರಿಗೆ ಇದು?"

"ಒಂದು ವಿಮಾನಕ್ಕೆ."

ಅವನು ಇನ್ನೂ ಜೋರಾಗಿ ನಕ್ಕ. ನನ್ನ ಉಚ್ಚಾರಕ್ಕೆ ನಗುತ್ತಾನೆ ಎಂದುಕೊಂಡು, "ನಗುವುದು ಆಮೇಲೆ, ಮೊದಲು ದೊಡ್ಡದಾಗಿ ಬರಿ" ಎಂದೆ. ಬರೆದುಕೊಟ್ಟ. ಚುಕ್ಕೆ ಕೊಂಬು ಒಂದೂ ಬಿಡದೆ ಹೊಲಿದೆ.

ಒಪ್ಪಿಸುವ ದಿನ ಸುಧಾ, ಮಾಲಿ, ನಾನು ಹ್ಯಾಂಗರಿಗೆ ಹೋದೆವು. ವಿಮಾನ ಚೆನ್ನಾಗಿತ್ತು. ಬಿಳಿ ಮೈ, ಹಸಿರು ಬಾಲ, ರೆಕ್ಕೆಯ ಹಿಂದೆ ಹೊಸದಾಗಿ ಬರೆದ ಎಚ್, ಎಸ್. ದೂರದಿಂದ ಎಷ್ಟೋ ನೋಡಿದ್ದೆವು. ಇದರ ಹೊಟ್ಟೆಯನ್ನು ಕೈಯಲ್ಲಿ ತಟ್ಟಿ ನೋಡಬಹುದಿತ್ತು. ನಾನು ತಟ್ಟಿದೆ. ಆನಂದ ದಪ್ಪಗಿನ ಮನುಷ್ಯ, ಮೂಗು ಥೇಟು ಮಾಲಿಯದೇ. ಕವರು ಹಾಕುವಷ್ಟು ಹೊತ್ತೂ ಇಬ್ಬರೂ ಸುಧಾಳ ಮೂಲಕವೇ ಮಾತಾಡಿದರು. ಮೂರನೇ ಸಾಲು ಸರಿಯಿದೆಯೇ ಎಂದು ಅವನು ಸುಧಾಳನ್ನು ಕೇಳುತ್ತಿದ್ದ, ಇದೆಯೆಂದು ಇವಳು ಸುಧಾಳಿಗೆ ಹೇಳುತ್ತಿದ್ದಳು.

"ಆಂಟಿ, ನನ್ ಕತ್ತು ನೋಯ್ತಿದೆ. ಟೆನಿಸ್ ಮ್ಯಾಚ್ ಇದು," ಎಂದಳು ಸುಧಾ.

ಅವನು ಸಹಿ ಹಾಕಿದ. ಮಾಲಿ ಕತ್ತರಿ ಚೀಲಕ್ಕೆ ಹಾಕಿಕೊಂಡಳು. ಇನ್ನೇನು ಹೊರಡುವುದೇ ಎಂದಾಗ ನಾನು ಕೆಂಪು ಪಟ್ಟಿ ತೆಗೆದು ಅವನ ಕೈಗಿಟ್ಟು, "ನಿಮ್ಮ ಅಕ್ಕನ ಮಾತು" ಎಂದೆ.

ಅವನು ಓದಿದ. ಮುಖ ಕಪ್ಪಿಟ್ಟಿತು. ಪಟ್ಟಿಯನ್ನು ಸೀಟಿನ ಮೇಲೆ ಹಾಕಿ, ನಮಗೆ ಬೆನ್ನು ಮಾಡಿ ಕಾಕ್‌ಪಿಟ್ ಕಡೆಗೆ ನಡೆದ. ಮಾಲಿ ಅದನ್ನೆತ್ತಿ ಓದಿದಳು.

"ಪೀ! ಏನು ಮಾಡಿದ್ದೀಯ ನೀನು?"

"ನೀನು ಹೇಳುವ ಹಾಡಲ್ಲವಾ? ಆಕಾಶದಲ್ಲಿ ವಿಮಾನ."

"ಹಾಡಲ್ಲ! ನಮ್ಮಲ್ಲಿ ವಿಮಾನ್ ಅಂದರೆ ದೇವರ ಅರಮನೆ. ಸಾಂಗ್ ಅಂದರೆ ಕಟ್ಟು. ಗಾಳಿಯಲ್ಲಿ ಅರಮನೆ ಕಟ್ಟುವವನು, ಕೈಲಾಗದ ಕನಸು ಕಾಣುವವನು ಅಂತ ಬೈಗುಳ ಅದು. ಅವತ್ತು ಫೋನಿನಲ್ಲಿ ಅವನಿಗೆ ನಾನು ಹೇಳಿದ ಮಾತೇ ಅದು."

ಅಂಗಡಿಯವನು ನಕ್ಕಿದ್ದು ಏಕೆಂದು ಆಗ ತಿಳಿಯಿತು. ಸುಧಾ ತಲೆ ಮೇಲೆ ಕೈಯಿಟ್ಟುಕೊಂಡು, "ಆಂಟಿ, ನನ್ನನ್ನ ಒಂದ್ ಮಾತ್ ಕೇಳಬಾರದಿತ್ತಾ? ಗೂಗಲ್ ಮಾಡ್ತಿದ್ನಲ್ಲ," ಎಂದಳು. ಕೇಳಬಹುದಿತ್ತು. ಕೇಳಿರಲಿಲ್ಲ. ಈಗ ಅಳುತ್ತಾ ಕೂತರೆ ಅವನು ಹಾರಿಹೋಗುತ್ತಾನೆ. ನಾನು ಕಾಕ್‌ಪಿಟ್ ಬಾಗಿಲಿಗೆ ಹೋಗಿ ನಿಂತೆ.

"ನೋಡಪ್ಪ, ಬರೆಸಿದ್ದು ಇವಳಲ್ಲ, ನಾನು. ನನ್ನ ಭಾಷೆಯಲ್ಲಿ ಇದು ಬೈಗುಳವಲ್ಲ. ವಿಮಾನ ಅಂದರೆ ನೀನು ಕೂತಿದ್ದೀಯಲ್ಲ, ಈ ಡಬ್ಬ. ಆಕಾಶ ಅಂದರೆ ಮೇಲಿದೆಯಲ್ಲ, ಅದು. ಅಷ್ಟೇ. ಕಟ್ಟುವುದು ಗಿಟ್ಟುವುದು ನನಗೆ ಗೊತ್ತಿಲ್ಲ."

ಅವನು ನನ್ನ ಕಡೆಗೆ ತಿರುಗಿದ. "ನಿಮ್ಮ ಭಾಷೆಯಲ್ಲಿ ವಿಮಾನ್ ಹಾರುತ್ತದೆಯೇ?"

"ಮತ್ತೆ? ಇಷ್ಟು ವರ್ಷ ನಾನು ಏತಕ್ಕೆ ಕವರು ಹೊಲಿದೆ?"

ಅವನು ಎದ್ದು ಬಂದ. ಮಾಲಿಯ ಕೈಯಿಂದ ಪಟ್ಟಿ ತೆಗೆದುಕೊಂಡು ತಿರುಗಿಸಿ ಇಂಗ್ಲಿಷ್ ಬರಹ ಓದಿದ, ಮತ್ತೆ ತಿರುಗಿಸಿ ಥಾಯ್ ಓದಿದ. ಆಮೇಲೆ "ಪೀ" ಎಂದ. ನನ್ನನ್ನೇ ಎಂದುಕೊಂಡು ನಾನು "ಹಾಂ" ಎಂದೆ. ಕರೆದದ್ದು ಅವಳನ್ನು.

ಆಮೇಲಿನ ಮಾತು ಥಾಯ್ ಭಾಷೆಯಲ್ಲಿ ನಡೆಯಿತು, ಜೋರಾಗಿಯೇ ನಡೆಯಿತು. ಮಾಲಿ ಬೆರಳು ಆಡಿಸಿದಳು, ಅವನು ಸೀಟು ಕುಟ್ಟಿದ. ನಾನು ಹೊಲಿದ ಸೀಟು, ಏನೂ ಆಗಲಿಲ್ಲ. ನಾನೂ ಸುಧಾಳೂ ಹೊರಗೆ ಬಂದು ಫ್ಲಾಸ್ಕಿನ ಚಹಾ ಕುಡಿದೆವು. ಇಬ್ಬರೂ ಇಳಿದು ಬಂದಾಗ ಕಣ್ಣುಗಳು ಕೆಂಪಾಗಿದ್ದವು. ರಾಜಿಯಾಯಿತೇ ಎಂದು ನಾನು ಕೇಳಲಿಲ್ಲ. ಅವನು ತಾನೇ ಹೋಗಿ ಪಿಟೋ ಟ್ಯೂಬಿಗೆ ಚೀಲ ತೊಡಿಸಿ, ಪಟ್ಟಿ ಇಳಿಬಿಟ್ಟು, ನನಗೆ ಹೇಳಿದ: "ಹಾರುವ ಮೊದಲು ತೆಗೆಯಬೇಕಾದದ್ದನ್ನು ಸರಿಯಾದ ಜಾಗದಲ್ಲೇ ಬರೆದಿದ್ದೀರಿ. ಹೇಳಿದವಳೇ ಬಂದು ತೆಗೆಯಲಿ."

ಹೊರಡುವ ಹೊತ್ತಿಗೆ ವಿಮಾನವನ್ನು ಹೊರಗೆಳೆದರು. ಚೀಲ ತೆಗೆದವರು ಅದನ್ನು ಎತ್ತಿ ಹಿಡಿದು ಪೈಲಟ್‌ಗೆ ತೋರಿಸಬೇಕು. ಅವನು ನೋಡಿದೆನೆಂದು ಸನ್ನೆ ಮಾಡದೆ ಎಂಜಿನ್ ಶುರುವಾಗುವುದಿಲ್ಲ. ಅಲ್ಲಿನ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದ. ಮಾಲಿ ಚೀಲ ಎಳೆದಳು. ಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೇಲೆ ನೋಡಿದಳು. ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ಕಿಟಕಿಯ ಹಿಂದೆ ಆನಂದ ಹೆಬ್ಬೆರಳು ಎತ್ತಲಿಲ್ಲ. ಅವರಲ್ಲಿ ಕಿರಿಯರು ಹಿರಿಯರಿಗೆ ಮಾಡುವಂತೆ ಕೈ ಮುಗಿದು ತಲೆ ಬಾಗಿಸಿದ. ಮಾಲಿ ಪಟ್ಟಿಯನ್ನು ಮಡಿಸಿ ಬಾಗಿಲಲ್ಲಿದ್ದವನ ಕೈಗೆ ಕೊಟ್ಟು ಈಚೆ ಬಂದಳು. ಪ್ರೊಪೆಲ್ಲರ್ ತಿರುಗಿತು.

ಆ ವಿಮಾನ ಈಗ ದ್ವೀಪಗಳಿಗೆ ಹೋಗಿ ಬರುತ್ತಿದೆ. ಕಂಪನಿಗೆ ಅದೊಂದೇ ವಿಮಾನ, ಎರಡನೆಯದು ಬರುತ್ತದೆಂದು ನನಗೇನೂ ನಂಬಿಕೆಯಿಲ್ಲ. ಅಕ್ಕ ತಮ್ಮ ಭಾನುವಾರ ಫೋನಿನಲ್ಲಿ ಜಗಳವಾಡುತ್ತಾರೆ. ನಾನು ಮರುವರ್ಷ ನಿವೃತ್ತಿ ತೆಗೆದುಕೊಂಡೆ.

ಅರ್ಥ ಕೇಳದೆ ಅಕ್ಷರ ಹೊಲಿಯಬಾರದು ಎಂಬುದು ನಾನು ಕಲಿತ ಪಾಠ ಎಂದು ಸುಧಾ ಎಲ್ಲರಿಗೂ ಹೇಳುತ್ತಾಳೆ. ಅದು ಅವಳ ಪಾಠ, ಇನ್‌ಸ್ಪೆಕ್ಟರಿಗೆ ತಕ್ಕದ್ದು. ಹೊಲಿಗೆಯ ಕೆಲಸ ನನಗೆ ಕಲಿಸಿದ್ದು ಬೇರೆ. ಎರಡು ತುಂಡು ಬಟ್ಟೆಯನ್ನು ಎಷ್ಟು ನಯವಾಗಿ ಅಕ್ಕಪಕ್ಕ ಇಟ್ಟರೂ ಅವು ಕೂಡುವುದಿಲ್ಲ. ಎರಡಕ್ಕೂ ಸೂಜಿ ಚುಚ್ಚಬೇಕು.